ಸಂಚಕಾರ: ಕರಕುಶಲ ವ್ಯಾಪಾರದಲ್ಲಿ ಮುಂಗಡ ಹಣದ ಬಗ್ಗೆ ಒಂದು ಟಿಪ್ಪಣಿ

ವಿಶ್ವ ನ್ಯಾಯಯುತ ವ್ಯಾಪಾರ ಸಂಘಟನೆಯ ಹತ್ತು ತತ್ವಗಳಲ್ಲಿ ಮೂರನೆಯದರೊಳಗೆ ಹೆಚ್ಚು ಸದ್ದು ಮಾಡದ ಒಂದು ವಾಕ್ಯವಿದೆ. ಕರಕುಶಲ ವಸ್ತುಗಳಿಗೆ ಆರ್ಡರ್ ಕೊಡುವವರು, ತಯಾರಕರು ಕೇಳಿದಲ್ಲಿ, ಆರ್ಡರಿನ ಮೊತ್ತದ ಕನಿಷ್ಠ ಶೇಕಡಾ 50ರಷ್ಟನ್ನು ಬಡ್ಡಿ ಹಾಕದೆ ಮುಂಗಡವಾಗಿ ಕೊಡಬೇಕು ಎಂಬುದು ಅದರ ತಾತ್ಪರ್ಯ. ಈ ಚಳವಳಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ‘ನ್ಯಾಯವಾದ ಬೆಲೆ’ಯಿಂದ ಹೊರಟು ಸುತ್ತಾಡಿ ಅಲ್ಲಿಗೇ ಬಂದು ಸೇರುತ್ತಾರೆ. ಅಂಗಡಿಯಲ್ಲಿ ಗಿರಾಕಿಯ ಕಣ್ಣಿಗೆ ಬೀಳುವುದೂ ಬೆಲೆಯ ಚೀಟಿಯೇ. ಆದರೆ ಕಾಫಿ, ಬಾಳೆಹಣ್ಣಿನ ಮಾತು ಬೇರೆ. ಕಸೂತಿ, ಬುಟ್ಟಿ, ಆಟಿಕೆಗಳ ಮಾತು ಬೇರೆ. ಕೈಕೆಲಸದ ಮಟ್ಟಿಗೆ ನ್ಯಾಯ-ಅನ್ಯಾಯ ತೀರ್ಮಾನವಾಗುವುದು ಬೆಲೆ ಎಷ್ಟು ಎಂಬುದಕ್ಕಿಂತ ಹೆಚ್ಚಾಗಿ ಹಣ ಯಾವಾಗ ಬಂತು, ಯಾರ ಕಡೆಯಿಂದ ಬಂತು, ಯಾವ ಕರಾರಿನ ಮೇಲೆ ಬಂತು ಎಂಬುದರಲ್ಲಿ. ಈ ಟಿಪ್ಪಣಿಯ ವಾದ ಇಷ್ಟೇ. ಅದನ್ನು ಮುಖ್ಯವಾಗಿ ಬಂಗಾಳದ ಸಾಕ್ಷ್ಯದಿಂದಲೂ ಸ್ವಲ್ಪಮಟ್ಟಿಗೆ ನಮ್ಮ ರಾಮನಗರ ಸೀಮೆಯ ಸಾಕ್ಷ್ಯದಿಂದಲೂ ಪರಿಶೀಲಿಸುತ್ತೇನೆ.

ಮೊದಲು ಒಂದು ಪದದ ವಿಚಾರ. ಕನ್ನಡದಲ್ಲಿ ಮುಂಗಡ ಹಣಕ್ಕೆ ಹಳೆಯ ಹೆಸರುಗಳು ಹಲವು: ಅಚ್ಚಾರ, ಬಯಾನ, ಸಂಚಕಾರ. ಮೂರನೆಯದು ಕುತೂಹಲದ್ದು. ಸಂಸ್ಕೃತದ ‘ಸತ್ಯಂಕಾರ’ ಪ್ರಾಕೃತದಲ್ಲಿ ‘ಸಚ್ಚಂಕಾರ’ವಾಗಿ ದೇಶಭಾಷೆಗಳಿಗೆ ಇಳಿದ ಪದ ಅದು. ಮಾತನ್ನು ಸತ್ಯ ಮಾಡುವುದು, ಅಂದರೆ ಕೊಡು-ಕೊಳ್ಳುವ ಒಪ್ಪಂದವನ್ನು ಒಂದಿಷ್ಟು ಹಣ ಇಟ್ಟು ಗಟ್ಟಿಮಾಡುವುದು, ಅದರ ಮೂಲಾರ್ಥ. ಕನ್ನಡದಲ್ಲಿ ಆ ಅರ್ಥ ನಿಘಂಟಿನಲ್ಲಿ ಉಳಿಯಿತು, ಬಾಯಿಮಾತಿನಲ್ಲಿ ಪದ ಬೇರೆ ದಾರಿ ಹಿಡಿಯಿತು. ‘ಪ್ರಾಣಕ್ಕೆ ಸಂಚಕಾರ ಬಂತು’ ಎಂದಾಗ ಇಂದು ಯಾರೂ ಹಣವನ್ನು ನೆನೆಯುವುದಿಲ್ಲ, ಆಪತ್ತನ್ನು ನೆನೆಯುತ್ತಾರೆ. ಯಮ ಬಂದು ಅಚ್ಚಾರ ಕೊಟ್ಟು ಹೋದ ಎಂಬಂಥ ಕಲ್ಪನೆ ಇದರ ಹಿಂದೆ ಇದ್ದೀತು ಎಂಬುದು ನನ್ನ ಊಹೆ. ಅರ್ಥಪಲ್ಲಟವನ್ನು ಸಾಮಾಜಿಕ ಇತಿಹಾಸದ ಪುರಾವೆಯಾಗಿ ಮಂಡಿಸುವುದು ಜಾರುನೆಲದ ನಡಿಗೆ. ನಾನು ಅಷ್ಟು ದೂರ ಹೋಗಲಾರೆ. ಆದರೂ ಈ ಟಿಪ್ಪಣಿಗೆ ಇದಕ್ಕಿಂತ ಒಳ್ಳೆಯ ತಲೆಬರಹ ನನಗೆ ಸಿಗಲಿಲ್ಲ. ಒಂದೇ ವ್ಯವಹಾರ ಒಬ್ಬನಿಗೆ ಭರವಸೆ, ಇನ್ನೊಬ್ಬನಿಗೆ ಕುತ್ತು ಆಗುವ ಕತೆಯೇ ಮುಂದಿನದು.

ಬೆಲೆಯ ವಿಚಾರವನ್ನು ಬೇಗ ಮುಗಿಸೋಣ. 1988ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ‘ಮ್ಯಾಕ್ಸ್ ಹ್ಯಾವೆಲಾರ್’ ಎಂಬ ಮುದ್ರೆ ಹೊತ್ತ ಮೆಕ್ಸಿಕೊದ ಕಾಫಿ ಮಾರಾಟಕ್ಕೆ ಬಂತು. ಇಂದು ಕಾಫಿ ಪೊಟ್ಟಣಗಳ ಮೇಲೆ ಕಾಣುವ ನ್ಯಾಯಯುತ ವ್ಯಾಪಾರದ ಮುದ್ರೆಗಳ ವಂಶ ಅಲ್ಲಿಂದ ಶುರು. ಅದರ ಯಂತ್ರ ಸರಳ. ಮಾರುಕಟ್ಟೆ ಎಷ್ಟೇ ಕುಸಿದರೂ ಈ ಮಟ್ಟಕ್ಕಿಂತ ಕೆಳಗೆ ಕೊಳ್ಳುವಂತಿಲ್ಲ ಎಂಬ ಕನಿಷ್ಠ ಬೆಲೆ. 2023ರ ಆಗಸ್ಟ್‌ನಿಂದ ತೊಳೆದು ಸಂಸ್ಕರಿಸಿದ ಅರೇಬಿಕಾಕ್ಕೆ ಅದು ಪೌಂಡಿಗೆ 1.80 ಡಾಲರ್. ಕೊಡಗು, ಚಿಕ್ಕಮಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಫಿಗೆ ಜಗತ್ತಿನ ಪೇಟೆಯಲ್ಲಿ ದಿನಕ್ಕೊಂದು ಧಾರಣೆ ಇರುವುದರಿಂದಲೇ ಅದರ ಕೆಳಗೊಂದು ನೆಲಗಟ್ಟು ಹಾಕಲು ಸಾಧ್ಯ.

ಕಸೂತಿಗೆ ಅಂಥ ಧಾರಣೆ ಎಲ್ಲಿದೆ? ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಆದರೆ ಆ ಹೊಲಿಗೆ ಹುಟ್ಟಿದ್ದು ಪೇಟೆಗಾಗಿ ಅಲ್ಲ. ತಾಂಡಾದ ಹೆಂಗಸು ತನಗಾಗಿಯೋ ಮಗಳ ಮದುವೆಗಾಗಿಯೋ ಕನ್ನಡಿ ಚೂರು, ಕವಡೆ ಸೇರಿಸಿ ಬಿಡುವಾದಾಗಲೆಲ್ಲ ಹೊಲಿದ ಫೇಟಿಯಾ, ಕಾಂಚಳಿಗಳಿಗೆ ಗಂಟೆಯ ಲೆಕ್ಕವಿರಲಿಲ್ಲ. ಅದು ಮಾರಾಟದ ವಸ್ತುವಾದಾಗ ಬೆಲೆ ಕಟ್ಟುವವರು ಅನಿವಾರ್ಯವಾಗಿ ಗಡಿಯಾರದ ಮೊರೆ ಹೋಗುತ್ತಾರೆ: ಒಂದು ದಿಂಬಿನ ಚೀಲಕ್ಕೆ ಇಷ್ಟು ಗಂಟೆ, ಆ ಜಿಲ್ಲೆಯ ಕನಿಷ್ಠ ಕೂಲಿ ಇಷ್ಟು, ಗುಣಿಸಿದರೆ ಇಷ್ಟು. ಈ ಲೆಕ್ಕ ತಪ್ಪೇನಲ್ಲ, ಬೇಕಾದದ್ದೇ. ಆದರೆ ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ, ಕೂಸು ಮಲಗಿರುವಾಗ, ಕರೆಂಟು ಇರುವಾಗ ಎಂದು ತುಂಡುತುಂಡಾಗಿ ನಡೆಯುವ ಕೆಲಸಕ್ಕೆ ಗಂಟೆ ಎಣಿಸಿದವರು ಯಾರು, ಯಾರ ಕೈವೇಗವನ್ನು ಅಳತೆಗೋಲು ಮಾಡಿಕೊಂಡರು ಎಂಬಲ್ಲಿಗೆ ಜಗಳ ಬಂದು ನಿಲ್ಲುತ್ತದೆ. ಹೆಸರಾಂತ ಮುದ್ರೆ ಕಾಫಿ, ಚಹಾ, ಕೋಕೊ, ಹತ್ತಿಯಂಥ ಸರಕುಗಳ ಮೇಲೆ ಕೂತು, ಕರಕುಶಲಗಳನ್ನು ಬಹುಪಾಲು ಹೊರಗಿಟ್ಟದ್ದು ಈ ತೊಡಕಿನಿಂದಾಗಿಯೇ. 1989ರಲ್ಲಿ ರೂಪುಗೊಂಡು ಮುಂದೆ ವಿಶ್ವ ನ್ಯಾಯಯುತ ವ್ಯಾಪಾರ ಸಂಘಟನೆಯಾದ ಒಕ್ಕೂಟ ಬೇರೆ ಹಾದಿ ಹಿಡಿಯಿತು. ಅದು ವಸ್ತುವನ್ನಲ್ಲ, ವಸ್ತುವನ್ನು ಮಾಡಿಸುವ ಸಂಸ್ಥೆಯನ್ನು ತಪಾಸಣೆ ಮಾಡುತ್ತದೆ. ಅಂದರೆ ನಡವಳಿಕೆಯನ್ನು. ಮುಂಗಡದ ವಾಕ್ಯ ಬರುವುದು ಅಲ್ಲಿ.

ಮುಂಗಡ ಕಾಫಿಯಲ್ಲೂ ಉಂಟು. ಆದರೆ ಅದೇ ಮೂರನೆಯ ತತ್ವ ಆಹಾರ ಪದಾರ್ಥಗಳ ಮುಂಗಡಕ್ಕೆ ‘ಸಮಂಜಸವಾದ’ ಬಡ್ಡಿಗೆ ಅವಕಾಶ ಕೊಟ್ಟು, ಕರಕುಶಲಕ್ಕೆ ಮಾತ್ರ ಬಡ್ಡಿಯೇ ಕೂಡದು ಎನ್ನುತ್ತದೆ. ಈ ಭೇದ ಏಕೆ? ನನಗೆ ತೋಚುವ ಕಾರಣ ಇದು. ಗೋದಾಮಿನಲ್ಲಿರುವ ಕಾಫಿಯನ್ನು ಅಡವಿಟ್ಟು ಸಾಲ ತರಬಹುದು, ಏಕೆಂದರೆ ಅದನ್ನು ಯಾರು ಬೇಕಾದರೂ ಕೊಂಡಾರು. ಅರ್ಧ ಹೊಲಿದ ಬಟ್ಟೆಗೆ, ಬಣ್ಣ ಹಾಕದ ಬೊಂಬೆಗೆ, ತಳ ಮಾತ್ರ ಹೆಣೆದ ಬುಟ್ಟಿಗೆ ಯಾವ ಬ್ಯಾಂಕಿನಲ್ಲೂ ಸಾಲ ಹುಟ್ಟುವುದಿಲ್ಲ. ದೂರದ ಊರಿನ ಒಬ್ಬ ಖರೀದಿದಾರನ ರುಚಿಗೆ, ಅವನು ಹೇಳಿದ ಅಳತೆಗೆ ಮಾಡುತ್ತಿರುವ ವಸ್ತುವಿಗೆ ಅವನಲ್ಲದೆ ಬೇರೆ ಗಿರಾಕಿಯೂ ಇರುವುದಿಲ್ಲ. ಚನ್ನಪಟ್ಟಣದ ಅರಗಿನ ಬಣ್ಣದ ಆಟಿಕೆಯನ್ನೇ ನೋಡಿ. ಆಲೆ ಮರದ ತುಂಡುಗಳು ತಿಂಗಳುಗಟ್ಟಲೆ ಒಣಗಬೇಕು. ಆಮೇಲೆ ಲೇತಿನಲ್ಲಿ ಕಡೆತ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜುವ ಬಿಸಿಗೆ ಅದು ಕರಗಿ ಬಣ್ಣ ಹತ್ತುತ್ತದೆ. ಕೊನೆಗೆ ತಾಳೆಹೂವಿನ ಗಿಡದ ಗರಿಯಿಂದ ತಿಕ್ಕಿ ಹೊಳಪು ತರುತ್ತಾರೆ. ನೋಡುವವರಿಗೆ ಸೊಗಸಾಗಿ ಕಾಣುವುದು ಈ ಕಡೆಯ ಕೆಲವು ನಿಮಿಷಗಳು. ಕಸುಬಿನವನ ಹಣ ಸಿಕ್ಕಿಕೊಂಡಿರುವುದು ಅದಕ್ಕೂ ಮೊದಲಿನ ತಿಂಗಳುಗಳಲ್ಲಿ, ಒಣಗುತ್ತ ಬಿದ್ದ ಮರದಲ್ಲಿ.

ಆ ತಿಂಗಳುಗಳಿಗೆ ಹಣ ಹೂಡುವವರು ಯಾರು ಎಂಬುದು ಹೊಸ ಪ್ರಶ್ನೆಯಲ್ಲ. ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪನಿ ಬಟ್ಟೆ ಕೊಳ್ಳುತ್ತಿದ್ದುದು ಮುಂಗಡದ ಮೇಲೆಯೇ. ಪಾರಸಿಯಲ್ಲಿ ‘ಕೊಡು’ ಎಂಬರ್ಥದ ಧಾತುವಿನಿಂದ ಬಂದ ‘ದಾದನಿ’ ಅದರ ಹೆಸರು. ಮೊದಲು ಕಂಪನಿ ದೇಶಿ ವರ್ತಕರಿಗೆ ಹಣ ಕೊಡುತ್ತಿತ್ತು, ಅವರು ನೇಕಾರರಿಗೆ ಹಂಚುತ್ತಿದ್ದರು. 1753ರಲ್ಲಿ ಕಂಪನಿ ಈ ವರ್ತಕರನ್ನು ಬದಿಗೊತ್ತಿ, ಸಂಬಳದ ಗುಮಾಸ್ತರ ಮೂಲಕ ನೇರವಾಗಿ ನೇಕಾರರೊಡನೆ ವ್ಯವಹರಿಸಲು ತೊಡಗಿತು. ಮಧ್ಯವರ್ತಿಯನ್ನು ತೆಗೆದುಹಾಕಿ ತಯಾರಕನಿಂದ ನೇರ ಖರೀದಿ! ಇಂದಿನ ಕರಕುಶಲ ಮಳಿಗೆಗಳ ಗೋಡೆಬರಹಗಳಲ್ಲಿ ಕಾಣುವ ಈ ಮಾತು ಕೇಳಿದಾಗಲೆಲ್ಲ ನನಗೆ 1753 ನೆನಪಾಗುತ್ತದೆ. ನೇರ ಖರೀದಿ ತನ್ನಷ್ಟಕ್ಕೆ ತಾನೇ ಪುಣ್ಯದ ಕೆಲಸವಲ್ಲ. ಕೊಳ್ಳುವವನ ಕೈಯಲ್ಲಿ ದಂಡವೂ ಇದ್ದರೆ ನಡುವಿನ ವರ್ತಕ ನೇಕಾರನಿಗೆ ಒಂದು ಮರೆಯಾಗಿಯೂ ಇದ್ದಾನು.

ಪ್ಲಾಸಿಯ ನಂತರ ದಂಡ ಕೈಗೆ ಬಂತು. ಕಂಪನಿಯ ಹಳೆಯ ನೌಕರ ವಿಲಿಯಂ ಬೋಲ್ಟ್ಸ್ 1772ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಚಿತ್ರವಿದೆ: ಮುಂಗಡ ಬೇಡವೆಂದ ನೇಕಾರರ ಸೊಂಟದ ಬಟ್ಟೆಗೆ ಹಣವನ್ನು ಬಲವಂತವಾಗಿ ಕಟ್ಟಿ, ಚಾಟಿಯೇಟು ಕೊಟ್ಟು ಕಳಿಸುತ್ತಿದ್ದರಂತೆ. ಬೋಲ್ಟ್ಸ್ 1768ರಲ್ಲಿ ಬಂಗಾಳದಿಂದ ಗಡೀಪಾರಾದವನು. ಕಂಪನಿಯ ಮೇಲೆ ಹಗೆ ಇದ್ದವನು. ಅವನ ಮಾತನ್ನು ಸೋಸಿಯೇ ತೆಗೆದುಕೊಳ್ಳಬೇಕು. ಆದರೆ ಅಲ್ಲಿಂದ ಮುಂದಿನ ಎರಡು ದಶಕಗಳಲ್ಲಿ ಕಂಪನಿಯೇ ಮಾಡಿದ ನಿಯಮಗಳು ಅದೇ ದಿಕ್ಕಿನವು. ಕಂಪನಿಯ ಮುಂಗಡ ಪಡೆದ ನೇಕಾರ ಅದನ್ನು ತೀರಿಸುವ ತನಕ ಬೇರೆಯವರಿಗೆ ನೇಯುವಂತಿಲ್ಲ. ತಡಮಾಡಿದರೆ ಅವನ ಮನೆಬಾಗಿಲಲ್ಲಿ ಪ್ಯಾದೆ ಬಂದು ಕೂರುತ್ತಾನೆ, ಆ ಪ್ಯಾದೆಯ ದಿನದ ಖರ್ಚೂ ನೇಕಾರನದೇ. ಇಲ್ಲಿ ಮುಂಗಡ ಬಂಡವಾಳವಲ್ಲ, ಹಗ್ಗ.

ದಕ್ಷಿಣದ ಕತೆ ಹೀಗೇ ಆರಂಭವಾಗಿರಲಿಲ್ಲ. ದಕ್ಷಿಣ ಭಾರತದ ನೇಕಾರರನ್ನು ಕುರಿತು ಪ್ರಸನ್ನನ್ ಪಾರ್ಥಸಾರಥಿ 2001ರಲ್ಲಿ ಪ್ರಕಟಿಸಿದ ಅಧ್ಯಯನ ಈ ಚರ್ಚೆಗೆ ತುಂಬ ಮುಖ್ಯ. ಅವರು ತೋರಿಸುವ ಪ್ರಕಾರ, ಕಂಪನಿಯ ಆಡಳಿತ ಬಲಗೊಳ್ಳುವ ಮೊದಲು ಇಲ್ಲಿನ ನೇಕಾರ ಮುಂಗಡ ಪಡೆದ ಮೇಲೂ ಅದನ್ನು ಹಿಂದಿರುಗಿಸಿ ಒಪ್ಪಂದದಿಂದ ಹೊರಬರಬಹುದಾಗಿತ್ತು. ಹೆಚ್ಚು ಬೆಲೆ ಕೊಡುವವನು ಸಿಕ್ಕಿದರೆ ಹಳೆಯ ವರ್ತಕನ ಹಣವನ್ನು ಅವನ ಮುಂದಿಟ್ಟು ಹೊಸಬನಿಗೆ ನೇಯಬಹುದಾಗಿತ್ತು. ವರ್ತಕನಿಗೆ ಆ ಸ್ವಾತಂತ್ರ್ಯ ಇರಲಿಲ್ಲ. ಒಪ್ಪಿಕೊಂಡ ಬಟ್ಟೆಯನ್ನು ಅವನು ಕೊಳ್ಳಲೇಬೇಕಿತ್ತು. ವಸಾಹತು ಆಡಳಿತ ಮುರಿದದ್ದು ಈ ಅಸಮತೋಲವನ್ನು, ನೇಕಾರನ ಪರವಾಗಿದ್ದ ಅಸಮತೋಲವನ್ನು. ಮುಂಗಡದ ಗುಣ ಅಳೆಯಲು ನನಗೆ ಸಿಕ್ಕ ಮೊದಲ ಒರೆಗಲ್ಲು ಇದು. ಹಣ ಹಿಂದೆ ಕೊಟ್ಟು ಎದ್ದು ಹೋಗುವ ಹಕ್ಕು ಇದೆಯೋ ಇಲ್ಲವೋ?

ಕಂಪನಿಯ ಕಾಗದಪತ್ರಗಳಲ್ಲಿ ಇಂಥ ಖರೀದಿ ಕೇಂದ್ರಗಳಿಗೆ ‘ಔರಂಗ್’ ಎಂಬ ಹೆಸರು. ಆಂಗ್ಲೋ-ಇಂಡಿಯನ್ ಪದಗಳ ಪ್ರಸಿದ್ಧ ಕೋಶವಾದ 1886ರ ‘ಹಾಬ್ಸನ್-ಜಾಬ್ಸನ್’ ಈ ಪದಕ್ಕೆ ಅರ್ಥ ಕೊಡುವಾಗ, ಮುಂಗಡ ಕೊಟ್ಟು ದೇಶಿ ಬಟ್ಟೆಗಳನ್ನು ಕೊಳ್ಳುತ್ತಿದ್ದ ಕಂಪನಿಯ ಕೋಠಿಗಳಿಗೆ ಇದನ್ನು ಬಳಸುತ್ತಿದ್ದರು ಎಂದು ವಿವರಿಸುತ್ತದೆ. ಮುಂಗಡವಿಲ್ಲದೆ ಪದದ ಅರ್ಥವೇ ಪೂರ್ಣವಾಗುವುದಿಲ್ಲ ಎಂಬಂತೆ. ಇದೇ ಸದ್ದಿನ ಬಂಗಾಳಿ ಮಾತು ‘ಆರಂಗ್’. ಇವತ್ತು ಅದಕ್ಕೆ ಹಳ್ಳಿಯ ಸಂತೆ, ಜಾತ್ರೆ ಎಂದರ್ಥ. 1978ರಲ್ಲಿ ಢಾಕಾದಲ್ಲಿ ಒಂದು ಕರಕುಶಲ ಮಳಿಗೆ ಇದೇ ಹೆಸರು ಹೊತ್ತು ತೆರೆಯಿತು.

ಅಲ್ಲಿಗೆ ಹೋಗುವ ಮುನ್ನ ಐದು ವರ್ಷ ಹಿಂದೆ ಸರಿಯಬೇಕು. 1971ರ ಯುದ್ಧ ಮುಗಿದಾಗ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಗಂಡನನ್ನು, ಮನೆಯನ್ನು ಕಳೆದುಕೊಂಡ ಹೆಂಗಸರು ಲೆಕ್ಕವಿಲ್ಲದಷ್ಟಿದ್ದರು. ಕೈಗೆ ಸಿಗುವ ಕಚ್ಚಾವಸ್ತು ಒಂದೇ: ಆ ದೇಶ ಚಿನ್ನದ ನಾರೆಂದು ಕರೆಯುವ ಸೆಣಬು. ಪರಿಹಾರ ಕಾರ್ಯಕ್ಕೆಂದು ಹುಟ್ಟಿದ ಕ್ರೈಸ್ತ ಸಂಸ್ಥೆಯೊಂದರ ಆಶ್ರಯದಲ್ಲಿ 1973ರಲ್ಲಿ ‘ಜೂಟ್ ವರ್ಕ್ಸ್’ ಎಂಬ ಮಾರಾಟ ಸಂಸ್ಥೆ ಆರಂಭವಾಯಿತು. ಅದರ ಮೊದಲ ಸರಕು ಸೆಣಬಿನ ‘ಶಿಕಾ’. ಸಂಸ್ಕೃತದ ‘ಶಿಕ್ಯ’ವೇ ಅದು, ಕನ್ನಡದಲ್ಲಿ ನೆಲುವು. ನಮ್ಮ ಅಜ್ಜಿಮನೆಯ ಅಡುಗೆಕೋಣೆಯ ತೊಲೆಗೆ ಅಂಥದೊಂದು ತೂಗುತ್ತಿತ್ತು. ಬೆಕ್ಕಿಗೂ ಮಕ್ಕಳಿಗೂ ಎಟುಕದಂತೆ ಬೆಣ್ಣೆಯ ಗಡಿಗೆ ಅದರಲ್ಲಿ. ಬಂಗಾಳದಲ್ಲೂ ಅದರ ಕೆಲಸ ಅದೇ. ಆದರೆ 1970ರ ದಶಕದ ಯುರೋಪು, ಅಮೆರಿಕದ ಮನೆಗಳಲ್ಲಿ ಹೂಕುಂಡಗಳನ್ನು ಹಗ್ಗದ ಹೆಣಿಗೆಯಲ್ಲಿ ತೂಗುಹಾಕುವ ಗೀಳು ಹಬ್ಬಿತ್ತು. ಬೆಣ್ಣೆ ಗಡಿಗೆಯ ನೆಲುವು ಅಲ್ಲಿ ಗಿಡದ ತೂಗುಬಲೆಯಾಯಿತು, ಆರ್ಡರುಗಳು ಹರಿದುಬಂದವು. ಗೀಳು ಇಳಿದಾಗ ಬೇಡಿಕೆಯೂ ಇಳಿಯಿತು. ಬೇರೆ ಬೇರೆ ವಸ್ತುಗಳತ್ತ, ಬುಟ್ಟಿ ಚೀಲಗಳತ್ತ ಹೊರಳದೆ ದಾರಿ ಉಳಿಯಲಿಲ್ಲ.

ನೆಲುವಿನ ಈ ಏಳುಬೀಳು ನನ್ನ ವಾದಕ್ಕೆ ಒಂದು ತಿದ್ದುಪಡಿಯನ್ನು ಬೇಡುತ್ತದೆ. ಪ್ರತಿ ಆರ್ಡರಿಗೂ ಅರ್ಧ ಹಣ ಮುಂಚಿತವಾಗಿ ಬಂದರೂ ಮುಂದಿನ ಆರ್ಡರ್ ಬಾರದಿದ್ದರೆ ಏನು ಮಾಡುವುದು? ಮುಂಗಡ ಒಂದು ಸುಗ್ಗಿಯನ್ನು ಕಾಯುತ್ತದೆ, ಬೇಸಾಯವನ್ನಲ್ಲ. ಮೂರನೆಯ ತತ್ವದಲ್ಲಿ ದೀರ್ಘಕಾಲದ ಸಂಬಂಧದ ಮಾತೂ, ತಕ್ಕಷ್ಟು ಮುಂಚೆ ತಿಳಿಸದೆ ಆರ್ಡರ್ ರದ್ದು ಮಾಡಕೂಡದೆಂಬ ಮಾತೂ, ತಯಾರಕರ ತಪ್ಪಿಲ್ಲದೆ ರದ್ದಾದರೆ ಅಲ್ಲಿಯವರೆಗಿನ ಕೆಲಸಕ್ಕೆ ಪರಿಹಾರ ಕೊಡಬೇಕೆಂಬ ಮಾತೂ ಮುಂಗಡದ ಪಕ್ಕದಲ್ಲೇ ಇವೆ. ಇವನ್ನು ಒಟ್ಟಿಗೇ ಓದಬೇಕು. 2020ರ ಮಾರ್ಚ್-ಏಪ್ರಿಲ್‌ನಲ್ಲಿ ಅದೇ ಬಾಂಗ್ಲಾದೇಶದ ಸಿದ್ಧ ಉಡುಪಿನ ಕಾರ್ಖಾನೆಗಳು ಕಂಡದ್ದು ಇದಕ್ಕೆ ತದ್ವಿರುದ್ಧವಾದ ವ್ಯವಸ್ಥೆಯನ್ನು. ಅಲ್ಲಿ ಬಟ್ಟೆ, ಕೂಲಿ ಎಲ್ಲಕ್ಕೂ ಹಣ ಹೂಡುವವರು ತಯಾರಕರು. ಕೊಳ್ಳುವವರು ಕೊಡುವುದು ಸರಕು ಹಡಗು ಹತ್ತಿದ ಮೇಲೆ. ಸಾಂಕ್ರಾಮಿಕ ಬಂದಾಗ 300 ಕೋಟಿ ಡಾಲರಿಗೂ ಮೀರಿದ ಆರ್ಡರುಗಳು ರದ್ದಾದವು ಅಥವಾ ತಡೆಹಿಡಿಯಲ್ಪಟ್ಟವು ಎಂದು ಆ ದೇಶದ ಉಡುಪು ತಯಾರಕರ ಸಂಘ ಲೆಕ್ಕ ಕೊಟ್ಟಿತು. ಒಂದು ಮಿಂಚಂಚೆಯಲ್ಲಿ ನಷ್ಟವೆಲ್ಲ ದುಡಿಯುವವರ ತಲೆಗೆ ಇಳಿಯಿತು.

ಈಗ 1978ರ ಮಳಿಗೆ. ಫಜಲೆ ಹಸನ್ ಅಬೇದ್ 1972ರಲ್ಲಿ ಕಟ್ಟಿದ ಬ್ರಾಕ್ ಸಂಸ್ಥೆ 70ರ ದಶಕದ ಮಧ್ಯದಲ್ಲಿ ಮಾಣಿಕ್‌ಗಂಜ್ ಜಿಲ್ಲೆಯ ಹೆಂಗಸರಿಗೆ ರೇಷ್ಮೆ ಹುಳು ಸಾಕುವುದನ್ನು ಕಲಿಸಿತ್ತು. ರೇಷ್ಮೆ ಬಂತು, ಕೊಳ್ಳುವವರೂ ಸಿಕ್ಕರು: ಢಾಕಾದ ಕೆಲವೇ ಅಂಗಡಿಗಳು. ಬೆಲೆಯ ಬಗ್ಗೆ ದೊಡ್ಡ ತಕರಾರು ಇರಲಿಲ್ಲ. ತಕರಾರು ಇದ್ದದ್ದು ಹಣ ಕೈಸೇರಲು ವಾರಗಳೂ ಕೆಲವೊಮ್ಮೆ ತಿಂಗಳುಗಳೂ ಹಿಡಿಯುತ್ತಿದ್ದ ಬಗ್ಗೆ. ಮನೆಯಲ್ಲಿ ಅಕ್ಕಿ ಇಲ್ಲದವಳಿಗೆ ಮೂರು ತಿಂಗಳ ಆಚೆಗೆ ಬರುವ ನ್ಯಾಯವಾದ ಬೆಲೆ ಯಾವ ಉಪಯೋಗಕ್ಕೂ ಇಲ್ಲ. ಅಷ್ಟರಲ್ಲಿ ಅವಳು ಸಾಲಗಾರನ ಬಾಗಿಲಿಗೆ ಹೋಗಿ ಬಂದಿರುತ್ತಾಳೆ, ಬೆಲೆಯ ಒಂದು ಪಾಲು ಬಡ್ಡಿಯ ರೂಪದಲ್ಲಿ ಅವನದಾಗಿರುತ್ತದೆ. ಬ್ರಾಕ್ ಕಂಡುಕೊಂಡ ಉಪಾಯ ಸ್ವಂತ ಅಂಗಡಿ. ಅಂಗಡಿಯಲ್ಲಿ ಸೀರೆ ಮಾರಿಹೋಗಲಿ ಬಿಡಲಿ, ಹೆಂಗಸರು ಸರಕು ತಂದು ಒಪ್ಪಿಸಿದ ದಿನವೇ ಹಣ. ಕಾಯುವ ಕಷ್ಟ ಮಾಣಿಕ್‌ಗಂಜ್‌ನಿಂದ ಢಾಕಾಕ್ಕೆ ವರ್ಗವಾಯಿತು. ಇಂದು ಆರಂಗ್ ಬಾಂಗ್ಲಾದೇಶದ ಅತಿ ದೊಡ್ಡ ಕರಕುಶಲ ಮಾರಾಟ ಜಾಲಗಳಲ್ಲಿ ಒಂದು. ನಕ್ಷಿ ಕಾಂಥಾದಂಥ ಹೊಲಿಗೆಗಳನ್ನು ನಗರದ ಫ್ಯಾಷನ್ನಿಗೆ ತಂದ ಹಿರಿಮೆ ಅದಕ್ಕೆ ಸಲ್ಲುತ್ತದೆ. ಆದರೆ ಅದು ಹುಟ್ಟಿದ್ದು ಸೌಂದರ್ಯದ ಕಾಳಜಿಯಿಂದ ಅಲ್ಲ, ಬೆಲೆಯ ಕಾಳಜಿಯಿಂದಲೂ ಅಲ್ಲ, ತಾರೀಖಿನ ಕಾಳಜಿಯಿಂದ. ಹೆಸರಿಟ್ಟವರಿಗೆ ಕಂಪನಿಯ ಔರಂಗ್ ನೆನಪಿತ್ತೋ ಇಲ್ಲವೋ, ಇತಿಹಾಸದ ವ್ಯಂಗ್ಯವಂತೂ ಚೊಕ್ಕವಾಗಿದೆ.

ಕಡಲಾಚೆಯ ಖರೀದಿದಾರರ ಕತೆ ಹಲವೆಡೆ ಬರೆಯಲ್ಪಟ್ಟಿದೆ, ಇಲ್ಲಿ ಎರಡು ಮಾತು ಸಾಕು. 1946ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಎಡ್ನಾ ರುತ್ ಬೈಲರ್ ಎಂಬ ಮೆನೊನೈಟ್ ಪಂಥದ ಮಹಿಳೆ ಪೋರ್ಟೊರಿಕೊದ ಹೆಂಗಸರ ಕಸೂತಿಯನ್ನು ಕಂಡು, ಊರಿಗೆ ತಂದು, ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಪರಿಚಿತರಿಗೆ ಮಾರಿದರು. ಅದೇ ಬೆಳೆದು 1996ರಲ್ಲಿ ‘ಟೆನ್ ಥೌಸಂಡ್ ವಿಲೇಜಸ್’ ಎಂಬ ಹೆಸರು ಪಡೆಯಿತು. ಭಾರತ ಇರುವುದು ಹಳ್ಳಿಗಳಲ್ಲಿ ಎಂಬ ಗಾಂಧೀಜಿಯ ಮಾತು ಆ ಹೆಸರಿಗೆ ಪ್ರೇರಣೆ. 1949ರಲ್ಲಿ ಬ್ರೆದ್ರನ್ ಪಂಥದವರು ಯುದ್ಧದಿಂದ ನಿರಾಶ್ರಿತರಾದ ಜರ್ಮನಿಯ ಜನರು ಮಾಡಿದ ಮರದ ಗಡಿಯಾರಗಳನ್ನು ಮಾರಿದರು. 1968ರಲ್ಲಿ ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಮ್ಮೇಳನ ನವದೆಹಲಿಯಲ್ಲಿ ಸೇರಿದಾಗ ‘ನೆರವಲ್ಲ, ವ್ಯಾಪಾರ’ ಎಂಬ ಕೂಗು ಪ್ರಬಲವಾಯಿತು. ಮರುವರ್ಷ ನೆದರ್‌ಲೆಂಡ್ಸ್‌ನ ಬ್ರೂಕೆಲೆನ್‌ನಲ್ಲಿ ಮೊದಲ ‘ವಿಶ್ವ ಅಂಗಡಿ’ ತೆರೆಯಿತು. ಈ ಕತೆಯಲ್ಲಿ ನಾನು ಗುರುತಿಸಬಯಸುವುದು ಒಂದೇ ಅಂಶ. ಬಡ್ಡಿಯಿಲ್ಲದ ಮುಂಗಡ ಕೊಡಲು ಇವರಿಗೆ ಸಾಧ್ಯವಾದದ್ದು ಇವರ ಬಂಡವಾಳಕ್ಕೇ ಬಡ್ಡಿ ಇರಲಿಲ್ಲವಾದ್ದರಿಂದ: ಚರ್ಚಿನ ಕಾಣಿಕೆ, ಸ್ವಯಂಸೇವಕರ ಪುಕ್ಕಟೆ ದುಡಿಮೆ, ಬಾಡಿಗೆಯಿಲ್ಲದ ನೆಲಮಾಳಿಗೆ.

ಭಾರತದಲ್ಲಿ ಈ ಜಾಗವನ್ನು ತುಂಬಲು ಹೊರಟದ್ದು ಸರ್ಕಾರ ಮತ್ತು ಸಹಕಾರ ಸಂಘಗಳು. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತರು. ವಿಭಜನೆಯ ನಿರಾಶ್ರಿತರ ನಡುವೆ ಅವರು ಕಟ್ಟಿದ ಸಹಕಾರ ಒಕ್ಕೂಟವೇ ದೆಹಲಿಯ ಕಾಟೇಜ್ ಎಂಪೋರಿಯಮ್ಮನ್ನು ನಡೆಸಿತು. ಕರ್ನಾಟಕದಲ್ಲಿ 1964ರಲ್ಲಿ ಹುಟ್ಟಿದ ಕರಕುಶಲ ಅಭಿವೃದ್ಧಿ ನಿಗಮದ ‘ಕಾವೇರಿ’ ಮಳಿಗೆಗಳು ಇದೇ ಪರಂಪರೆಯ ಮುಂದುವರಿಕೆ. ಎಂಪೋರಿಯಂ ಚಳವಳಿಯ ಬಗ್ಗೆ ಗೌರವ ಇಟ್ಟುಕೊಂಡೇ ಒಂದು ಮಾತು ಹೇಳಬೇಕು. ಅದರ ಚರಿತ್ರೆಯನ್ನು ನಾವು ವಿನ್ಯಾಸ, ಪ್ರದರ್ಶನ, ಪ್ರಶಸ್ತಿಗಳ ಚರಿತ್ರೆಯಾಗಿ ಬರೆದಿದ್ದೇವೆ. ಬಿಲ್ಲು ಕೊಟ್ಟ ದಿನಕ್ಕೂ ಹಣ ಪಾವತಿಯಾದ ದಿನಕ್ಕೂ ನಡುವಿನ ಅಂತರದ ಚರಿತ್ರೆಯಾಗಿ ಬರೆದಿಲ್ಲ.

ಮುಂಗಡ ಒಳ್ಳೆಯದು ಎಂದು ಇಲ್ಲಿಗೆ ಕೈತೊಳೆದುಕೊಳ್ಳುವಂತಿಲ್ಲ. ಚನ್ನಪಟ್ಟಣದಿಂದ ಮಾಗಡಿ ದೂರವೇನಲ್ಲ. ಮಾಗಡಿಯ ರೇಷ್ಮೆ ಹುರಿ ಮಾಡುವ ಘಟಕಗಳಲ್ಲಿ ಮಕ್ಕಳನ್ನು ಜೀತಕ್ಕಿಟ್ಟ ಸ್ಥಿತಿಯನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 1996ರ ಮತ್ತು 2003ರ ವರದಿಗಳಲ್ಲಿ ದಾಖಲಿಸಿತು. ಅಲ್ಲಿನ ವ್ಯವಹಾರದ ಹೆಸರು ಜೀತ ಅಲ್ಲ, ‘ಅಡ್ವಾನ್ಸ್’. ಕಾಯಿಲೆಗೋ ಮದುವೆಗೋ ತಂದೆತಾಯಿ ಪಡೆದ ಕೆಲವು ಸಾವಿರ ರೂಪಾಯಿ; ಅದು ತೀರುವ ತನಕ ಮಗು ಯಂತ್ರದ ಮುಂದೆ. ಕೂಲಿಯಲ್ಲಿ ಮುರಿದುಕೊಂಡಷ್ಟೂ ಮತ್ತೆ ಸಾಲ ಹುಟ್ಟುತ್ತಿತ್ತು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಜೀತವನ್ನು ವಿವರಿಸುವಾಗ ಮೊದಲು ಹಿಡಿಯುವ ಎಳೆಯೇ ಮುಂಗಡ: ಮುಂಗಡ ಪಡೆದದ್ದಕ್ಕೆ ಪ್ರತಿಯಾಗಿ ದುಡಿಮೆಯನ್ನು ಒತ್ತೆ ಇಡುವುದು, ಬೇರೆ ಕಡೆ ದುಡಿಯುವ ಹಕ್ಕನ್ನು ಬಿಟ್ಟುಕೊಡುವುದು. 18ನೆಯ ಶತಮಾನದ ಕಂಪನಿಯ ನಿಯಮಗಳನ್ನು ಓದಿದವರಿಗೆ ಈ ಕೊನೆಯ ಲಕ್ಷಣ ಎಲ್ಲೋ ಕಂಡದ್ದು ಅನ್ನಿಸದೆ ಇರದು.

ಹಾಗಾದರೆ ಒಂದೇ ಸೀಮೆಯಲ್ಲಿ, ಒಂದೇ ಹೆಸರಿನಲ್ಲಿ ನಡೆಯುವ ಎರಡು ವ್ಯವಹಾರಗಳನ್ನು ಬೇರ್ಪಡಿಸುವುದು ಯಾವುದು? ಬಡ್ಡಿ ಎಂದು ಥಟ್ಟನೆ ಹೇಳಬಹುದು, ಅದು ಸಾಲದು. ಹುರಿ ಘಟಕದ ಅಡ್ವಾನ್ಸಿಗೂ ಎಷ್ಟೋ ಸಲ ಬರಹದಲ್ಲಿ ಬಡ್ಡಿ ಇರುವುದಿಲ್ಲ, ಕೂಲಿಯನ್ನು ಇಳಿಸಿ ಅದನ್ನು ವಸೂಲು ಮಾಡಿಕೊಳ್ಳುತ್ತಾರೆ. ನನಗೆ ಕಾಣುವ ವ್ಯತ್ಯಾಸ ಒತ್ತೆಯದು. ಮಾಗಡಿಯ ಮುಂಗಡಕ್ಕೆ ಒತ್ತೆ ಒಂದು ದೇಹ, ಅದರ ಮುಂದಿನ ದಿನಗಳು. ನ್ಯಾಯಯುತ ವ್ಯಾಪಾರದ ಮುಂಗಡಕ್ಕೆ ಒತ್ತೆ ಒಂದು ವಸ್ತು: ಇಷ್ಟು ದಿಂಬಿನ ಚೀಲ, ಇಷ್ಟು ಬೊಂಬೆ. ವಸ್ತು ಒಪ್ಪಿಸಿದೊಡನೆ ಲೆಕ್ಕ ಚುಕ್ತಾ; ಆಕೆ ನಾಳೆ ಇನ್ನೊಬ್ಬರಿಗೆ ಹೊಲಿಯಬಹುದು. ಎರಡನೆಯದಾಗಿ, ಹಣ ಪಡೆಯುವುದು ಒಂಟಿ ಮನೆಯಲ್ಲ, ಒಂದು ಗುಂಪು. ನೂಲು, ಬಟ್ಟೆ ಕೈತಪ್ಪಿ ಹಾಳಾದರೆ ನಷ್ಟ ಹಂಚಿಹೋಗುತ್ತದೆ. ಗುಂಪಿನೊಳಗೂ ಮೇಲುಕೀಳು ಇದೆ, ಗುಂಪಿನ ಮುಖಂಡಳೇ ಸಣ್ಣ ಸಾಹುಕಾರಳಾಗುವ ಸಾಧ್ಯತೆಯೂ ಇದೆ; ಇದನ್ನು ಮರೆಯಬಾರದು. ನೂಲು ಬಟ್ಟೆಯನ್ನೇ ಮುಂಗಡವಾಗಿ ಕೊಟ್ಟು ಕೂಲಿಯನ್ನು ಮಾತ್ರ ಉಳಿಸಿಕೊಳ್ಳುವ ಪದ್ಧತಿ ಈ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಹೊಲಿಯುವವಳಿಗೆ ಬಂಡವಾಳದ ಚಿಂತೆ ಇಲ್ಲ ನಿಜ, ಆದರೆ ವಸ್ತು ಯಾವತ್ತೂ ಅವಳದಾಗುವುದಿಲ್ಲ. ಬೇರೆ ಗಿರಾಕಿಗೆ ತೋರಿಸಲು ಅವಳ ಕೈಯಲ್ಲಿ ಒಂದು ತುಣುಕೂ ಉಳಿಯುವುದಿಲ್ಲ.

ಇನ್ನು ಖರ್ಚಿನ ವಿಚಾರ. ಬಡ್ಡಿಯಿಲ್ಲದ ಹಣ ಎಂದರೆ ಬಡ್ಡಿಯನ್ನು ಬೇರೆ ಯಾರೋ ತುಂಬುತ್ತಿದ್ದಾರೆ ಎಂದರ್ಥ. ಆರ್ಡರ್ ಕೊಟ್ಟಾಗ ಅರ್ಧ ಹಣ ಹೋಗುತ್ತದೆ. ಕೆಲಸ ಮುಗಿದು ಸರಕು ಹಡಗಿನಲ್ಲಿ ತೇಲಿ, ಅಂಗಡಿ ಸೇರಿ, ಕ್ರಿಸ್ಮಸ್ಸಿನ ಹೊತ್ತಿಗೆ ಮಾರಿಹೋಗುವಷ್ಟರಲ್ಲಿ ವರ್ಷದ ಬಹುಪಾಲು ಕಳೆದಿರುತ್ತದೆ. ಕಾಣಿಕೆಯ ಬಂಡವಾಳ ಕರಗಿ, ಬ್ಯಾಂಕಿನ ಸಾಲ, ಅಂಗಡಿ ಬಾಡಿಗೆ, ಸಂಬಳದ ನೌಕರರು ಬಂದ ಮೇಲೆ ಈ ಕಾಲಾವಧಿಯನ್ನು ಹೊರುವುದು ಸುಲಭವಲ್ಲ. ಕೆನಡಾದ ಟೆನ್ ಥೌಸಂಡ್ ವಿಲೇಜಸ್ 2020ರಲ್ಲಿ ತನ್ನ ಕೇಂದ್ರ ವ್ಯವಹಾರವನ್ನು ಮುಚ್ಚಿತು. 1979ರಿಂದ ನಡೆದುಬಂದ ಬ್ರಿಟನ್ನಿನ ಟ್ರೇಡ್‌ಕ್ರಾಫ್ಟ್ ಕಂಪನಿ 2023ರ ಜನವರಿಯಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಇವುಗಳ ಪತನಕ್ಕೆ ಮುಂಗಡವೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಆರು ತಿಂಗಳು ಕಳೆದ ಮೇಲೆ ಹಣ ಕೊಡುವ ದೊಡ್ಡ ಅಂಗಡಿಗಳ ಪಕ್ಕದಲ್ಲಿ, ಆರು ತಿಂಗಳು ಮೊದಲೇ ಹಣ ಕೊಡುವವರು ಅದೇ ಬೆಲೆಗೆ ಬುಟ್ಟಿ ಮಾರಿ ಉಳಿಯಬೇಕಾದ ಪಂದ್ಯ ಎಂಥದು ಎಂಬುದಂತೂ ಸ್ಪಷ್ಟ.

ಕೊನೆಯದಾಗಿ, ಆರಂಭದಲ್ಲಿ ಉಲ್ಲೇಖಿಸಿದ ವಾಕ್ಯದೊಳಗಿನ ಒಂದು ಪುಟ್ಟ ಮಾತು: ‘ಕೇಳಿದಲ್ಲಿ’. ನಿಯಮ ಮುಂಗಡವನ್ನು ತಾನಾಗಿ ಕೊಡಿಸುವುದಿಲ್ಲ, ಕೇಳಿದರೆ ಕೊಡಿಸುತ್ತದೆ. ಹಳೆಯ, ಗಟ್ಟಿಯಾದ ಸಂಸ್ಥೆ ಕೇಳೀತು. ಮೊದಲ ಆರ್ಡರಿಗಾಗಿ ಕಾದು ಕೂತ ಸಣ್ಣ ಗುಂಪು ಕೇಳಲು ಅಂಜುತ್ತದೆ. ಕೇಳಿದರೆ ಗಿರಾಕಿ ಪಕ್ಕದ ಊರಿಗೆ ಹೋದಾನೆಂಬ ಭಯ. ಕೇಳಿ ಪಡೆದ ಹಣವನ್ನು ಸಂಸ್ಥೆ ತಯಾರಕರಿಗೆ ದಾಟಿಸಬೇಕೆಂದು ಅದೇ ತತ್ವ ಹೇಳುತ್ತದಾದರೂ, ದಾಟಿತೇ ಎಂಬುದಕ್ಕೆ ಸಾಕ್ಷಿ ಸಿಗುವುದು ತತ್ವದಲ್ಲಲ್ಲ, ಖಾತೆ ಪುಸ್ತಕದಲ್ಲಿ. ಖರೀದಿದಾರನ ಹಣ ಬ್ಯಾಂಕಿಗೆ ಜಮೆಯಾದ ತಾರೀಖು ಒಂದು ಕಡೆ, ಹೊಲಿದವಳ ಸಹಿಯ ಅಥವಾ ಹೆಬ್ಬೆಟ್ಟಿನ ಪಕ್ಕದಲ್ಲಿರುವ ತಾರೀಖು ಇನ್ನೊಂದು ಕಡೆ. ಕರ್ನಾಟಕದ ಕರಕುಶಲ ಸಂಘಗಳ, ನಿಗಮಗಳ ಹಳೆಯ ಖರೀದಿ ಪುಸ್ತಕಗಳಲ್ಲಿ ಈ ಎರಡು ತಾರೀಖುಗಳನ್ನು ಸಾಲಾಗಿ ಬರೆದುಕೊಳ್ಳುತ್ತ ಹೋಗುವುದು ಒಬ್ಬ ವಿದ್ಯಾರ್ಥಿಗೆ ಎರಡು-ಮೂರು ವರ್ಷದ ಕೆಲಸ. ಅದಕ್ಕೆ ವಿಶೇಷ ಸಿದ್ಧಾಂತವೇನೂ ಬೇಕಾಗಿಲ್ಲ. ಧೂಳಿಗೆ ಹೆದರದ ಮೂಗು, ಮೋಡಿ ಅಕ್ಷರ ಓದಬಲ್ಲ ಕಣ್ಣು, ಗುಮಾಸ್ತರ ಜತೆ ಚಹಾ ಕುಡಿಯುವ ತಾಳ್ಮೆ ಇದ್ದರೆ ಆದೀತು.